ಮೂರನೇ ಸೀಟಿಗೆ ಬಾರದ ಕರೆ

೧
ರೂಟರಿನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಗಂಡ ಹೆಂಡತಿ ಜಗಳದಿಂದ ಶುರು ಮಾಡಿದರೆ ರೂಟರನ್ನು ಎಲ್ಲಿ ತುರುಕಲಿ? ಆದ್ದರಿಂದ ಮಡಂತ್ಯಾರಿನಲ್ಲಿರುವ ಶುಕೂರಾಕನ ಸೈಬರ್, ೨೦೦೫, ಶುಕ್ರವಾರ ಮೂರು ಮುಕ್ಕಾಲು. (ಮಳೆ ಸುರಿಸಬೇಕೆಂದಿದ್ದೆ. ಕರೆಂಟು ಹೋದೀತೆಂದು ಬಿಟ್ಟೆ.)

೨
ಫಿದಾ ಗಂಡನನ್ನು ಕೇಳದೆ ಉಜಿರೆಯಲ್ಲಿ ಬಿ.ಎಡ್. ಸೇರಿದ್ದಳು. ಸೌದಿಯ ದಮ್ಮಾಮಿನಲ್ಲಿದ್ದ ಹಾರಿಸ್ ಬೈದು ಮೇಲ್ ಹಾಕಿದ. ಎರಡು ತಿಂಗಳು ಮಾತಿಲ್ಲ. ಮೊನ್ನೆ ಒಂದು ಮೇಲ್: "ಶುಕ್ರವಾರ ನಾಲ್ಕಕ್ಕೆ ಕಂಪ್ಯೂಟರಿಗೆ ಕಾಲ್ ಮಾಡ್ತೇನೆ, ಅದರ ಐಪಿ ಅಡ್ರೆಸ್ ಕಳಿಸು. ಎತ್ತದಿದ್ರೆ ನಾನು ಬೇಡ ಅಂತ ಅರ್ಥ."

ಬೈದವನೇ ಮೊದಲು ಕರೆಯಲಿ ಎಂದು ಅಡ್ರೆಸ್ಸನ್ನಷ್ಟೇ ಕಳಿಸಿ, ಫಿದಾ ಮೂರನೇ ಸೀಟಿನಲ್ಲಿ ಕಾದು ಕೂತಿದ್ದಾಳೆ.

"ಅವನ ಕಾಲ್ ಬರುದಿಲ್ಲ" ಎಂದರು ಶುಕೂರಾಕ.

"ಈ ಕಂಪ್ಯೂಟರಿನ ಅಡ್ರೆಸ್ಸೇ ಕಳಿಸಿದ್ದೇನಲ್ಲ?"

"ಅದು ಅಂಗಡಿ ಒಳಗಿನ ನಂಬರು. ಬಂಟ್ವಾಳದ ಸೈಬರಿನಲ್ಲೂ ಅದೇ ಉಂಟು. ಹೊರಗೆ ನಮ್ಮ ಎಂಟು ಕಂಪ್ಯೂಟರಿಗೂ ಒಂದೇ ಅಡ್ರೆಸ್. ನೀನು ಮೊದಲು ಕರೆದ್ರೆ ಈ ರೂಟರ್ ಪೆಟ್ಟಿಗೆ 'ಮೂರನೇ ಸೀಟು' ಅಂತ ಬರೆದಿಟ್ಟುಕೊಳ್ತದೆ, ಉತ್ತರ ನಿನಗೇ ಕೊಡ್ತದೆ. ಕರೆಯದೆ ಬಂದದ್ದನ್ನು ಬಾಗಿಲಲ್ಲೇ ಬಿಸಾಡ್ತದೆ."

"ಅಂದ್ರೆ ನಾನೇ ಮೊದಲು ಕರೀಬೇಕಾ?"

"ಹೌದು ಮಾರಾಯ್ತಿ. ಅವನ ಆಫೀಸಿನದ್ದು ನೇರ ಅಡ್ರೆಸ್, ನೀನು ಮಾಡಿದ್ರೆ ಹೋಗ್ತದೆ."

"ಈ ಪೆಟ್ಟಿಗೆ ಹಾರಿಸ್‌ನ ಕಡೆಯದಾ?"

(ಫೋನ್ ಮಾಡಬಹುದಲ್ಲ ಎನ್ನುವ ಬುದ್ಧಿವಂತ ಓದುಗರೇ, ಆಗಲೂ ಮೊದಲು ಮಾಡಿದವಳು ಅವಳೇ ಆಗುತ್ತಾಳೆ.)

೩ (ಹರಿದು ಹಾಕಿದ್ದು)
ಹೊರಗಿನಿಂದ ಬರುವ ಕರೆಯನ್ನೆಲ್ಲ ಮೂರನೇ ಸೀಟಿಗೆ ಬಿಡು ಎಂದು ರೂಟರಿಗೆ ಹೇಳಿಡಬಹುದಿತ್ತು. ಅದರ ಪಾಸ್‌ವರ್ಡ್ ಅದನ್ನು ಕೂರಿಸಿದ ಮೂಡಬಿದ್ರೆಯ ಧರ್ಣಪ್ಪನಲ್ಲಿದೆ. ಅವನ ಮೊಬೈಲ್ ಸ್ವಿಚ್ ಆಫ್. ಆಫ್ ಮಾಡಿಸಿದ್ದು ನಾನೇ. ಇಲ್ಲವಾದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನಾನು ಮನೆಗೆ ಹೋಗಬೇಕಾಗುತ್ತಿತ್ತು.

೪
ನಾಲ್ಕಕ್ಕೆ ಒಂದು ನಿಮಿಷ. ಕಾಲ್ ಗುಂಡಿ ಒತ್ತು ಮಗಳೇ, ಎಂದೆ.

"ನಿಮಗೆ ಹೇಳ್ಲಿಕ್ಕೆ ಸುಲಭ. ಇವತ್ತು ಒತ್ತಿದ್ರೆ ಜೀವನ ಪೂರ್ತಿ ನಾನೇ ಒತ್ತಬೇಕು."

ವಾದದಲ್ಲಿ ನಾನು ಸೋತೆ. ಸೋತ ಕಥೆಗಾರರೆಲ್ಲ ಮಾಡುವುದನ್ನೇ ಮಾಡಿದೆ: 'ಫಿದಾ ಗುಂಡಿ ಒತ್ತಿದಳು' ಎಂದು ಬರೆದುಬಿಟ್ಟೆ.

"ನಾನೆಲ್ಲಿ ಒತ್ತಿದೆ? ಒತ್ತಿದ್ದು ನೀವು."

"ಯಾರಾದರೇನು, ಕರೆ ಹೋಯಿತಲ್ಲ" ಎಂದೆ.

"ಕರೆದವರಿಗೇ ಉತ್ತರ ಬರುದು" ಎಂದರು ಶುಕೂರಾಕ, ತಲೆ ಎತ್ತದೆ.

ಫಿದಾ ಹೆಡ್‌ಫೋನ್ ಕಳಚಿ ನನ್ನ ಕೈಗಿತ್ತಳು. "ಮಾತಾಡಿ."

ಕಿವಿಗಿಟ್ಟುಕೊಂಡೆ. ದಮ್ಮಾಮಿನಿಂದ ಮೆತ್ತಗಿನ ಸ್ವರ:

"ಫಿದಾ? ಪರೀಕ್ಷೆ ಯಾವಾಗ ನಿಂದು?"

ಇಷ್ಟು ಬರೆದ ನಾನು ಅದನ್ನು ಅವಳಲ್ಲಿ ಕೇಳಿಯೇ ಇರಲಿಲ್ಲ. ಅವಳ ಕಡೆ ತಿರುಗಿ, ಪರೀಕ್ಷೆ ಯಾವಾಗ ಎಂದೆ. ಅವಳು ಕೇಳಿಸಲಿಲ್ಲವೆಂಬಂತೆ ಪರದೆ ನೋಡುತ್ತಿದ್ದಳು. ಆ ಕಡೆ ಹಾರಿಸ್ ಇನ್ನೂ ಕಾಯುತ್ತಿದ್ದಾನೆ.