ಡ್ರೈವರ್ ತಾತ ಕಲಿತ ಊರು

"ನಿಧಾನ, ನಿಧಾನ! ತಿರುವಿನಲ್ಲಿ ಗೋಡೆಗೆ ತಾಗೀತು!" ಎಂದು ಚಿಕ್ಕಪ್ಪ ಕೂಗುತ್ತಿದ್ದರು. ಮೂರನೇ ಮಹಡಿಯಿಂದ ಅಪ್ಪನ ಸ್ಟ್ರೆಚರು ಕೆಳಗಿಳಿಯುತ್ತಿತ್ತು. ಮಗಳು ಅದರ ಒಂದು ತುದಿ ಹಿಡಿದಿದ್ದಳು. ಈ ಮೆಟ್ಟಿಲುಗಳನ್ನು ಅಪ್ಪ ಒಂದು ದಿನವೂ ಬೈಯದೆ ಹತ್ತಿದವರಲ್ಲ.

ಕೆಳಗೆ ಚಿಕ್ಕಪ್ಪ ತಮ್ಮೂರಿನಿಂದ ತಂದಿದ್ದ ವ್ಯಾನು ಕಾಯುತ್ತಿತ್ತು. ಅಣ್ಣನ ಶವವನ್ನು ಹುಟ್ಟೂರಿಗೇ ಒಯ್ಯಬೇಕೆಂಬುದು ಅವರ ಹಟ.

"ಎರಡು ವರ್ಷ ಇದ್ದಿದ್ದಕ್ಕೆಲ್ಲ ಊರು ಅಂತಾರೇನಮ್ಮ? ಅವನ ಮಾತು, ನಗು ಎಲ್ಲಾ ಅಲ್ಲೇ ಇತ್ತು. ಇಲ್ಲಿಗೆ ಬಂದ್ಮೇಲೆ ಫೋನ್ ಮಾಡಿದ್ರೆ ಬರೀ ಹೂಂ, ಹಾಂ. ಅಲ್ಲೇ ಮಣ್ಣಾಗ್ಲಿ ಬಿಡು."

ಅಪ್ಪನನ್ನು ಇಲ್ಲಿಗೆ ಕರೆತಂದವಳು ಮಗಳು. ಅವರ ಬಾಯಿ ಮುಚ್ಚಿಸಿದವಳೂ ಅವಳೇ.

* * *

ಅಪ್ಪ ಬಸ್ ಡ್ರೈವರು. ಅರ್ಧ ಆಯುಷ್ಯ ಹುಟ್ಟೂರಿನಲ್ಲಿ, ಇನ್ನರ್ಧ ಅಮ್ಮನ ನೌಕರಿಗೆಂದು ಹೋದ ಬಂದರು ಪೇಟೆಯಲ್ಲಿ ಬಸ್ಸು ಓಡಿಸಿದವರು. ಅಮ್ಮ ತೀರಿಹೋದ ಮೇಲೆ ಮಗಳ ಮನೆಗೆ ಬಂದು, ಮಾಡಲು ಕೆಲಸವಿಲ್ಲದೆ, ಬಸ್‌ಸ್ಟಾಪಿನಲ್ಲಿ ಕೂತು ಕೇಳಿದವರಿಗೂ ಕೇಳದವರಿಗೂ ದಾರಿ ಹೇಳತೊಡಗಿದರು.

"ಗಡಿಯಾರದ ಕಂಬ ದಾಟಿ ಎಡಕ್ಕೆ ತಗೊಳ್ಳಿ. ಮೀನು ಮಾರ್ಕೆಟ್ ಎದುರಿಗೇ ಆಸ್ಪತ್ರೆ."

ಕಂಬ ಹುಟ್ಟೂರಿನದು, ಮಾರ್ಕೆಟ್ಟು ಬಂದರಿನದು. ಆಸ್ಪತ್ರೆಯೊಂದೇ ಈ ಊರಿನದು. ಆ ಮಾತು ನಂಬಿ ಸುತ್ತಿ ಸುತ್ತಿ ಸುಸ್ತಾದ ರೋಗಿಯೊಬ್ಬ ತಿರುಗಿ ಬಂದು, ಮಗಳ ಎದುರಿಗೇ ಅಪ್ಪನಿಗೆ ಮಂಗಳಾರತಿ ಎತ್ತಿದ.

"ದಯವಿಟ್ಟು ಇನ್ಮೇಲೆ ಯಾರಿಗೂ ದಾರಿ ಹೇಳ್ಬೇಡಿ ಅಪ್ಪ. ನಂಗೆ ತಲೆ ಎತ್ತೋಕಾಗ್ತಿಲ್ಲ."

"ಸರಿ ಮಗಾ," ಎಂದರು ಅಪ್ಪ. ಆಮೇಲೆ ಮನೆಯಲ್ಲಿ ಅವರ ಮಾತೇ ಕಮ್ಮಿಯಾಯಿತು. ಬೆಳಿಗ್ಗೆ ಹೊರಟರೆ ಹೊತ್ತು ಇಳಿಯುವಾಗ ಬರುತ್ತಿದ್ದರು. ಎಲ್ಲಿಗೆಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

* * *

ಮೆಟ್ಟಿಲ ಬುಡದಲ್ಲಿ ಮಿಷನ್ನು ಹಾಕಿಕೊಂಡಿದ್ದ ಹೊಲಿಗೆಯವಳು ಎದ್ದು ಅಡ್ಡ ನಿಂತಳು.

"ಡ್ರೈವರ್ ತಾತನ್ನ ಎಲ್ಲಿಗೆ ಒಯ್ತಿದ್ದೀರಿ?"

"ಅವನ ಊರಿಗೆ," ಎಂದರು ಚಿಕ್ಕಪ್ಪ.

"ಮತ್ತೆ ಈ ಊರನ್ನ ಅಷ್ಟು ಕಷ್ಟಪಟ್ಟು ಕಲಿತಿದ್ದು ಯಾಕೆ?"

"ಕಲಿತಿದ್ದಾ?" ಎಂದಳು ಮಗಳು.

"ಹೂಂ ಅಕ್ಕ. ಮಗಳು ಬೈದ್ಲು, ಬೈದಿದ್ದು ಸರಿಯಾಗೇ ಇದೆ ಅಂತ ನಗೋರು. ದಿನಾ ಒಂದೊಂದು ಬಸ್ಸು ಹತ್ತಿ ಕೊನೇ ಸ್ಟಾಪ್‌ತನಕ ಹೋಗಿ, ನಡ್ಕೊಂಡು ವಾಪಸ್ ಬರೋರು. ದಾರಿಯುದ್ದಕ್ಕೂ ಹರಟೆ ಬೇರೆ. ನಾನೂ ಹೊಸಬಳಲ್ವಾ, ನಂಗೂ ಊರು ತೋರಿಸಿದ್ದು ಅವರೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಪೂರ್ತಿ ಬರ್ಲಿ, ಆಮೇಲೆ ಅವಳನ್ನೇ ಕರ್ಕೊಂಡು ಹೋಗ್ತೀನಿ ಅಂತಿದ್ರು. ಪಾಪ, ಆಫೀಸು ಬಿಟ್ರೆ ಅವಳಿಗೆ ಇಲ್ಲಿ ಏನೂ ಗೊತ್ತಿಲ್ಲ ಅಂತ."

ಬೆಳಗಿನಿಂದ ಬಿಗಿಹಿಡಿದಿದ್ದ ಅಳು ಉಕ್ಕಿ ಬಂತು. ಅಪ್ಪ ತನ್ನ ಮೇಲೆ ಮುನಿಸಿಕೊಂಡಿರಲಿಲ್ಲ ಎಂಬ ಸಮಾಧಾನಕ್ಕೋ, ಆ ಸವಾರಿ ಇನ್ನೆಂದೂ ಇಲ್ಲವೆಂಬ ಸಂಕಟಕ್ಕೋ, ಅವಳಿಗೇ ತಿಳಿಯಲಿಲ್ಲ.

"ಚಿಕ್ಕಪ್ಪ, ಅಪ್ಪ ಇಲ್ಲೇ ಇರ್ಲಿ."

ಚಿಕ್ಕಪ್ಪ ಅಣ್ಣನ ಮುಖವನ್ನೇ ನೋಡುತ್ತ ನಿಂತರು. "ಕಳ್ಳ," ಎಂದರು. "ನಂಗೂ ಒಂದು ಮಾತು ಹೇಳ್ಲಿಲ್ಲ ನೋಡು." ಆಮೇಲೆ ವ್ಯಾನಿನವನ ಕಡೆ ತಿರುಗಿದರು. "ಇಲ್ಲಿನ ಸ್ಮಶಾನಕ್ಕೇ ನಡಿಯಪ್ಪ."

"ಅದೆಲ್ಲಿದೆ ಸಾರ್?"

ಚಿಕ್ಕಪ್ಪ ಮಗಳನ್ನು ನೋಡಿದರು. ಅವಳು ತಲೆ ತಗ್ಗಿಸಿದಳು. ಹೊಲಿಗೆಯವಳು ಬಾಯಿ ತೆರೆಯುವಷ್ಟರಲ್ಲಿ ಬೀದಿಯ ಅಂಗಡಿಗಳವರೆಲ್ಲ ವ್ಯಾನಿನ ಸುತ್ತ ನೆರೆದಿದ್ದರು. ಅವರಲ್ಲಿ ಒಬ್ಬರನ್ನೂ ಮಗಳು ಮಾತಾಡಿಸಿದವಳಲ್ಲ.

"ಸೇತುವೆ ಮೇಲೆ ಹೋಗ್ಲಿ, ಹತ್ತಿರ," ಎಂದ ಔಷಧಿ ಅಂಗಡಿಯವನು.

"ಬೇಡ ಬೇಡ. ಆ ರಸ್ತೆ ತುಂಬಾ ಗುಂಡಿ, ತಾತಂಗೆ ಆಗ್ತಿರ್ಲಿಲ್ಲ," ಎಂದ ಬೀಗ ರಿಪೇರಿಯವನು. "ಕೆರೆ ರಸ್ತೇಲಿ ಹೋಗ್ಲಿ."

ಸ್ಟ್ರೆಚರು ವ್ಯಾನಿನೊಳಗೆ ಸೇರಿದ ಮೇಲೆ ಅವನು ತನ್ನ ಅಂಗಡಿಯ ಬಾಗಿಲೆಳೆದು ರಸ್ತೆಯ ನಡುವಿಗೆ ಬಂದ. ಎದುರಿನಿಂದ ಬರುತ್ತಿದ್ದ ಬಸ್ಸಿಗೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ವ್ಯಾನನ್ನು ಎಡಕ್ಕೆ ಕರೆದ. ಬಸ್ಸಿನ ಡ್ರೈವರು ಹಾರ್ನು ಒತ್ತುತ್ತ ಕಿಟಕಿಯಿಂದ ತಲೆ ಹೊರಹಾಕಿದವನು, ವ್ಯಾನಿನೊಳಗೆ ಮಲಗಿದ್ದ ತಾತನ ಗುರುತು ಹಿಡಿದು, ಹಾರ್ನಿನಿಂದ ಕೈ ತೆಗೆದು, ಇಂಜಿನ್ ಆರಿಸಿದ.