ಖೋಖೋ ಕಂಬದ ನೆರಳು

ಹಂದರದೊಳಗೆ ಕಾಲಿಟ್ಟ ಕೂಡಲೇ ಸಗೀರಾ ತಲೆಯೆತ್ತಿ ನೋಡಿದಳು. ಹೊಸ ರಾಜ್ಯವಾದ ಮೇಲೆ ಎರಡನೆಯ ಸಲ ನಾಲ್ಕು ತಾಲೂಕುಗಳ ಶಾಲೆಗಳು ಆಟಕ್ಕೂ ಮಾದರಿಗಳ ಪ್ರದರ್ಶನಕ್ಕೂ ಸೇರುವ ಸಮ್ಮೇಳನವೆಂದು ಸಿಂದಗಿ ಊರವರು ಹುರುಪಿನಿಂದ ಹಂದರ ಹಾಕಿದ್ದರು. ಒಂದೇ ಒಂದು ಬಿಸಿಲುಕೋಲು ಒಳಗೆ ಇಳಿಯುತ್ತಿರಲಿಲ್ಲ. ಅವಳು ಕನ್ನೊಳ್ಳಿಯಿಂದ ಚಕ್ಕಡಿಯಲ್ಲಿ ತಂದದ್ದು ನೆರಳಿನ ಗಡಿಯಾರ! ಕಲ್ಲುಕೆಲಸದ ಗವಂಡಿಯಾದ ಅಪ್ಪ ನಬಿಲಾಲ ಕಡೆದುಕೊಟ್ಟ ಹಾಸುಗಲ್ಲು, ಅದರ ಮೇಲೆ ಓರೆಯಾಗಿ ನಿಂತ ತಗಡು, ಸುತ್ತ ತಾಸಿನ ಗೆರೆಗಳು.

ಪಕ್ಕದ ಮೇಜಿನಲ್ಲಿ ಬಸವನ ಬಾಗೇವಾಡಿಯ ಮಾನಪ್ಪ ತಾನು ಮಾಡಿದ ಬ್ಯಾಟರಿ ಗಂಟೆ ಬಾರಿಸುತ್ತ ಕೂತಿದ್ದ. “ಏನವಾ ಕನ್ನೊಳ್ಳಿ, ಮಸಾಲಿ ಅರಿಯೂ ಕಲ್ಲೇನದು?”

“ಹೌದು. ನಿನ್ನ ಗಂಟಿ ತಂದಿಡು, ಅರದು ತೋರಸ್ತೇನಿ.”

ಅಷ್ಟರಲ್ಲಿ ಪರೀಕ್ಷಕ ಸಾಹೇಬರು ಬಂದರು. ಕಲ್ಲನ್ನು ಸುತ್ತಿ ನೋಡಿದರು. “ಇದು ನಡಿಯೂದಿಲ್ಲೇನು ತಂಗಿ?”

“ಬಿಸಿಲಿಗೆ ಒಯ್ದ್ರ ನಡೀತೈತ್ರಿ.”

“ಹಂಗಾದ್ರ ಒಯ್ಯಿ. ಸಂಜಿಮುಂದ ಬಹುಮಾನ ಹಂಚೂದ್ರೊಳಗ ನಡಿಸಿ ತೋರಸು. ಬರೇ ಕಲ್ಲಿಗೆ ಬಹುಮಾನ ಹೆಂಗ ಕೊಡ್ಲಿ?”

ಒಯ್ಯುವುದು ಸುಲಭವಾಗಿತ್ತು. ಆದರೆ ತಗಡು ನೇರ ಉತ್ತರಕ್ಕೆ ಮುಖ ಮಾಡದಿದ್ದರೆ ಅದು ಹೇಳುವ ಹೊತ್ತೆಲ್ಲ ಸುಳ್ಳು. ಅವಳ ಶಾಲೆಯ ಬಸಂತರಾಯ ಮಾಸ್ತರರು ಕೈಗಡಿಯಾರ ಬಿಚ್ಚಿದರು. “ಇದನ್ನ ನೋಡಿ ಕಲ್ಲು ತಿರುವಿಡು, ಮುಗೀತು.”

“ಬ್ಯಾಡ್ರಿ ಸರ. ಆಗ ಅದು ನಿಮ್ಮ ಗಡಿಯಾರದ ನಕಲಾಗತೈತ್ರಿ.”

ಮಾಸ್ತರರು ನಕ್ಕು ಗಡಿಯಾರ ಮತ್ತೆ ಕಟ್ಟಿಕೊಂಡರು.

ನೆಟ್ಟಗೆ ನಿಂತ ಒಂದು ಕಂಬ ಬೇಕಾಗಿತ್ತು. ಬಯಲಿನಲ್ಲಿ ಖೋಖೋ ಅಂಕಣದ ಎರಡು ತುದಿಗೂ ಕಂಬಗಳಿದ್ದವು. ಒಂದರ ನೆರಳಿನ ತುದಿಗೆ ಹರಳಿಟ್ಟು, ಕಂಬಕ್ಕೆ ಹಗ್ಗ ಸುತ್ತಿ, ಆ ನೆರಳಿನಷ್ಟೇ ದೂರದಲ್ಲಿ ಸಗೀರಾ ಸುಣ್ಣದ ಕಮಾನು ಎಳೆದಳು. ಮಧ್ಯಾಹ್ನದವರೆಗೆ ನೆರಳು ಕುಗ್ಗುತ್ತದೆ. ಆಮೇಲೆ ಬೆಳೆದು ಇನ್ನೊಂದು ಬದಿಯಲ್ಲಿ ಕಮಾನನ್ನು ಮುಟ್ಟುತ್ತದೆ. ಕಂಬದಿಂದ ಆ ಎರಡು ಗುರುತುಗಳ ನಟ್ಟನಡುವಿಗೆ ಎಳೆದ ಗೆರೆಯೇ ಉತ್ತರ ದಿಕ್ಕು.

ಆದರೆ ಮಧ್ಯಾಹ್ನ ದಾಟಿ, ನೆರಳು ಕಮಾನಿಗೆ ಇನ್ನೂ ಗೇಣು ದೂರ ಇರುವಾಗಲೇ ಹುಡುಗಿಯರ ಕೊನೆಯ ಪಂದ್ಯಕ್ಕೆ ಸೀಟಿ ಕೂಗಿತು. ನಾಲತವಾಡಕ್ಕೂ ಇಂಡಿಗೂ ಆಟ. ಓಡಿ ಬಂದವರು ಕಂಬ ಹಿಡಿದೇ ತಿರುಗುತ್ತಾರೆ. ನಾಲ್ಕು ಸಲ ಜಗ್ಗಿದರೆ ಕಂಬ ವಾಲುತ್ತದೆ, ಬೆಳಗಿನ ಗುರುತು ಕೆಡುತ್ತದೆ. ಸಗೀರಾ ನಾಲತವಾಡದ ನಾಯಕಿ ಚಂದವ್ವನ ಬಳಿಗೆ ಓಡಿದಳು.

“ಅಕ್ಕಾ, ಈ ಕಂಬಾ ಮುಟ್ಟಬ್ಯಾಡ್ರಿ.”

“ಹುಚ್ಚಗಿಚ್ಚ ಹಿಡದೈತೇನು ನಿನಗ? ಕಂಬಾ ಹಿಡೀಲಾರದ ಹೆಂಗ ತಿರಗೂದು?”

ಸಗೀರಾ ಕಮಾನು ತೋರಿಸಿ ಎಲ್ಲ ಹೇಳಿದಳು. ಚಂದವ್ವ ನೆರಳನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿ ಕೂಗಿದಳು: “ಏ ಇಂಡಿಯವರ! ಈ ಕಡೀ ಕಂಬಾ ಮುಟ್ಟಿದಾಕಿ ಔಟು. ಒಪ್ಪಿಗೇನು?”

“ನೀವು ಮುಟ್ಟದಿದ್ರ ನಾವೂ ಮುಟ್ಟೂದಿಲ್ಲ!”

ಅಂಥ ಖೋಖೋ ಯಾರೂ ಕಂಡಿರಲಿಲ್ಲ. ಗಾಳಿಯಂತೆ ಬಂದ ಹುಡುಗಿಯರು ಕಂಬದ ಹತ್ತಿರ ಕೈ ಮೇಲೆತ್ತಿ, ಜಾರಿ, ಧೂಳಿನಲ್ಲಿ ಕುಕ್ಕರಿಸಿ, ಮತ್ತೆ ಎದ್ದು ಓಡುತ್ತಿದ್ದರು. ನೋಡುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಡೆಯ ಗಳಿಗೆಯಲ್ಲಿ ಚಂದವ್ವ ಕಂಬ ಹಿಡಿದಿದ್ದರೆ ಎದುರಾಳಿ ಕೈಗೆ ಸಿಗುತ್ತಿದ್ದಳು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಅಂಗಾತ ಬಿದ್ದಳು. ಇಂಡಿ ಗೆದ್ದಿತು.

ನೆರಳು ಕಮಾನು ಮುಟ್ಟಿದಾಗ ಸುತ್ತ ನಾಲ್ಕೂ ತಾಲೂಕಿನವರು ಮುತ್ತಿ ನಿಂತಿದ್ದರು. ಸಗೀರಾ ನಡುವನ್ನು ಅಳೆದು ಗೆರೆ ಎಳೆದಳು. ಚಕ್ಕಡಿ ಹೊಡೆದುಕೊಂಡು ಬಂದಿದ್ದ ಅಪ್ಪ ಕಲ್ಲನ್ನು ಅದರ ಮೇಲೆ ಕೂರಿಸಿದ. ತಗಡಿನ ನೆರಳು ಚಾಕುವಿನಂತೆ ಗೆರೆಗಳ ಮೇಲೆ ಬಿತ್ತು. ಸಾಹೇಬರು ಬಗ್ಗಿ ನೋಡಿ, ತಮ್ಮ ಕೈಗಡಿಯಾರವನ್ನೂ ನೋಡಿ ಸುಮ್ಮನಾದರು.

ಮಾನಪ್ಪ ಎರಡನ್ನೂ ಇಣುಕಿ ನೋಡಿದ. “ಅರ್ಧಾ ತಾಸು ಹಿಂದೈತ್ರಿ! ಚಕ್ಕಡ್ಯಾಗ ಬಂದೈತಲ್ಲ, ತಡಾ ಆಗೈತಿ!”

ಗೊಳ್ಳೆಂದು ನಗೆ ಎದ್ದಿತು. ಅದು ಅಡಗುವವರೆಗೆ ಸಗೀರಾ ಕಾದಳು. “ಸಾಹೇಬ್ರ ಗಡಿಯಾರ ಇಡೀ ದೇಶಕ್ಕ ಒಂದ ಹೊತ್ತು ಹೇಳತೈತ್ರಿ. ಸೂರ್ಯ ಮೂಡಣದ ಊರೆಲ್ಲಾ ದಾಟಿ ಆಮ್ಯಾಲ ನಮ್ಮ ಕಡೆ ಬರ್ತಾನ್ರಿ. ಈ ತಿಂಗಳಾಗ ಇನ್ನೊಂಚೂರು ಹಿಂದ ಬೀಳ್ತಾನ್ರಿ. ಇದು ಬರೇ ಸಿಂದಗಿ ಹೊತ್ತು.”

“ನಿನ್ನ ಬಾಯಿಂದ ಅದನ್ನ ಕೇಳಬೇಕಂತನ ಸುಮ್ಮನಿದ್ದೆ,” ಎಂದರು ಸಾಹೇಬರು. “ಮೊದಲನೇ ಬಹುಮಾನ ಕನ್ನೊಳ್ಳಿಗೆ!”

ಚಪ್ಪಾಳೆಯ ನಡುವೆ ಮೈಯೆಲ್ಲ ಧೂಳಾಗಿದ್ದ ಚಂದವ್ವ ನುಗ್ಗಿ ಬಂದಳು. “ಅಲ್ಲಬೇ, ನಮ್ಮ ನಾಲತವಾಡಕ್ಕ ಯಾವಾಗ ಬರ್ತಾನ ನಿನ್ನ ಸೂರ್ಯ?”

ಸಗೀರಾ ನಕಾಶೆಯನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿದಳು. “ಸಿಂದಗಿಗಿಂತ ಒಂಚೂರ ಮೊದ್ಲ ನೆತ್ತಿಗೆ ಬರ್ತಾನ್ರಿ. ಇಂಡಿಗಿಂತ ಒಂದ ನಿಮಿಷಾನರ ಮೊದ್ಲ.”

“ಕೇಳಿದ್ರೇನು ಇಂಡಿಯವರ!”

“ಬಂದ್ರೇನಾತು? ನಿಮ್ಮನ್ನ ಬಿಟ್ಟ ಮ್ಯಾಲೂ ನಮ್ಮ ನೆತ್ತಿ ಮ್ಯಾಲ ಇರ್ತಾನ!” ಎಂದಳು ಇಂಡಿಯ ನಾಯಕಿ.

“ಎರಡೂ ಖರೇನ ಐತ್ರಿ,” ಎಂದಳು ಸಗೀರಾ. ಯಾರೂ ಕೇಳಿಸಿಕೊಳ್ಳಲಿಲ್ಲ. ಇಬ್ಬರೂ ಅವಳ ಒಂದೊಂದು ಕೈ ಹಿಡಿದು ಜಗ್ಗುತ್ತ, ಜಗಳಾಡುತ್ತಲೇ ಬಹುಮಾನದ ಹಂದರದ ಕಡೆಗೆ ಕರೆದೊಯ್ದರು.