ನನ್ನ ಗಂಡನಿಗೆ ಕಾಣುವ ಹೆಂಗಸು

ನನ್ನ ಗಂಡ ಉಮಾಪತಿಗೆ ನನ್ನ ಮುಖ ಕಾಣುವುದಿಲ್ಲ. ಆದರೆ ನಮ್ಮದೇ ಪಡಸಾಲೆಯಲ್ಲಿ, ನಾನೇ ಒರೆಸಿಟ್ಟ ಕುರ್ಚಿಯ ಮೇಲೆ ಕೂತ ಇನ್ನೊಬ್ಬಳ ನತ್ತಿನ ಮುತ್ತು ಕಾಣುತ್ತದೆ, ಸೀರೆಯ ನಿರಿಗೆ ಕಾಣುತ್ತದೆ, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಕೂದಲೂ ಕಾಣುತ್ತದೆ. ಆ ಹೆಂಗಸು ಈ ಲೋಕದಲ್ಲಿ ಇಲ್ಲವೇ ಇಲ್ಲ ಎಂಬುದು ಬೇರೆ ಮಾತು. ಇಲ್ಲದವಳ ಮೇಲೆ ಹೊಟ್ಟೆಕಿಚ್ಚು ಪಡುವ ಪ್ರಾರಬ್ಧ ನನ್ನ ವೈರಿಗೂ ಬೇಡ.

ಮೊದಲು ಕಣ್ಣಿನ ಕಥೆ ಹೇಳಿಬಿಡುತ್ತೇನೆ. ಇವರು ಹುಬ್ಬಳ್ಳಿಯಿಂದ ನಾಗಪುರದ ಆರ್ಡ್ನನ್ಸ್ ಫ್ಯಾಕ್ಟರಿಗೆ, ಅಂದರೆ ಮದ್ದುಗುಂಡಿನ ಕಾರ್ಖಾನೆಗೆ, ಕೆಲಸ ಸಿಕ್ಕಿ ಬಂದವರು. ಜೀವಮಾನವಿಡೀ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಕೂತು, ಲೋಹದ ಮೇಲಿನ ಕೂದಲೆಳೆಯಂಥ ಗೀರನ್ನು ಹುಡುಕಿ ತೆಗೆದವರು. ನಿವೃತ್ತಿಯಾಗಿ ಲಕ್ಷ್ಮೀ ನಗರದ ಈ ಮನೆಯಲ್ಲಿ ಕೂತ ಮೇಲೆ ಎರಡೂ ಕಣ್ಣುಗಳ ನಡುಭಾಗ ಸವೆಯುತ್ತ ಬಂತು. ಈಗ ಅಂಚಿನಲ್ಲಿ ಒಂದಿಷ್ಟು ಬೆಳಕು, ನೆರಳು ಕಾಣುತ್ತದೆ. ನೇರವಾಗಿ ನೋಡಿದರೆ ಏನೂ ಇಲ್ಲ. ಯಾರ ಮುಖ ನೋಡಬೇಕೆಂದು ತಿರುಗುತ್ತಾರೋ ಆ ಮುಖವೇ ಅಳಿಸಿಹೋಗುತ್ತದೆ. ಮೂರು ವರ್ಷದಿಂದ ನಾನು ಅವರ ಪಾಲಿಗೆ ಬಳೆ ಸದ್ದು ಮಾಡುವ ಒಂದು ಮಬ್ಬು.

ಚೈತ್ರ ಬಂತೆಂದರೆ ಇಲ್ಲಿಯ ಮರಾಠಿ ಹೆಂಗಸರು ಗೌರಿಯನ್ನು ತೊಟ್ಟಿಲಲ್ಲಿ ಕೂರಿಸಿ ಹಳದಿ-ಕುಂಕುಮಕ್ಕೆ ಕರೆಯುತ್ತಾರೆ. ಬಂದವರಿಗೆ ಮಾವಿನಕಾಯಿ ಹಾಕಿದ ಕಡಲೆಬೇಳೆ ಕೋಸಂಬರಿ, ಮಾವಿನಕಾಯಿಯದೇ ಪಾನಕ. ಒಬ್ಬ ಮುತ್ತೈದೆಯಾದರೂ ಕುಂಕುಮವಿಲ್ಲದೆ ಎದ್ದು ಹೋದಳೋ, ಮನೆಯೊಡತಿಯ ಮಾನ ಹರಾಜಾದಂತೆ. ನಾನೂ ಈ ಊರಿನ ನೀರು ಕುಡಿದವಳು, ಪ್ರತಿ ವರ್ಷ ಕರೆಯುತ್ತೇನೆ. ಈ ಸಲವೂ ಪಡಸಾಲೆ ತುಂಬಿತ್ತು. ನಾನು ತಟ್ಟೆ ಹಿಡಿದು ಸುತ್ತು ಮುಗಿಸುವಷ್ಟರಲ್ಲಿ, ಕೂಲರ್ ಪಕ್ಕ ಕೂತಿದ್ದ ಇವರು ಒಮ್ಮೆಲೇ ಕೂಗಿದರು.

"ಏ ಕುಮುದಾ, ಅಕೀನ್ನ ಬಿಟ್ಟೆಲ್ಲ! ಬಾಗಲ ಕಡೆ ಕುರ್ಚಿ ಮ್ಯಾಲೆ ಕುಂತಾಳಲ್ಲ, ಕಚ್ಚಿ ಹಾಕಿ ಹಸರು ನೌವಾರಿ ಸೀರಿ ಉಟ್ಟಾಕಿ. ಅಕೀಗೂ ಕುಂಕುಮ ಹಚ್ಚು. ಆಗಿಂದ ಸುಮ್ನ ಕುಂತಾಳ ಪಾಪ."

ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿ ಖಾಲಿಯಿತ್ತು.

"ಅಲ್ಲಿ ಯಾರೂ ಇಲ್ಲರೀ."

"ನನಗ ಕಾಣಸ್ತೈತಿ ಅಂದ್ರ! ಮೂಗಿನ್ಯಾಗ ನತ್ತು, ಅದರಾಗ ಕೆಂಪು ಹಳ್ಳು... ಕುಮುದಾ, ನನ್ನ ಕಣ್ಣು ಬಂತಲೇ!"

ತಟ್ಟೆಯನ್ನು ಯಾರದೋ ಮಡಿಲಿಗೆ ತುರುಕಿ ನಾನು ಓಡಿದೆ. ಅವರ ಮುಂದೆ ಮೊಣಕಾಲೂರಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಮುಖ ಹಿಡಿದೆ. "ಹಂಗಾರ ನನ್ನ ನೋಡ್ರಿ," ಎಂದೆ. ಅವರು ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ನೀ ಎಲ್ಲಿದ್ದೀ?" ಎಂದರು.

ಹೆಂಗಸರು "ಕಾಯ ಝಾಲಂ, ಏನಾಯಿತು" ಎಂದು ಎದ್ದು ನಿಂತರು. ಇವರು ಮರಾಠಿಯಲ್ಲಿ ಮತ್ತೊಮ್ಮೆ ಸೀರೆ, ನತ್ತು ಎಲ್ಲ ವರ್ಣಿಸಿದರು. ಓಣಿಯವರೆಲ್ಲ ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುವ ಎದುರು ಮನೆಯ ಮೃದುಲಾ ವಹಿನಿ ಎದೆಗೆ ಕೈ ಇಟ್ಟುಕೊಂಡಳು. "ಅಗ ಬಾಈ! ದೇವೀಚ ಆಲೀ!" ಸಾಕ್ಷಾತ್ ದೇವಿಯೇ ಬಂದಿದ್ದಾಳಂತೆ. ಮಂಡಿನೋವೆಂದು ಸತ್ಯನಾರಾಯಣನಿಗೂ ನಿಂತೇ ಕೈ ಮುಗಿಯುವ ಹೆಂಗಸು, ನಮ್ಮ ಪ್ಲಾಸ್ಟಿಕ್ ಕುರ್ಚಿಯ ಮುಂದೆ ಧಡಕ್ಕನೆ ಅಡ್ಡಬಿದ್ದಳು. ಉಳಿದವರು ಬಿಟ್ಟಾರೆಯೇ? ಕುರ್ಚಿಯ ಬೆನ್ನಿಗೆ ಕುಂಕುಮ, ಕೈಗಳಿಗೆ ಅರಿಶಿನ, ಮೇಲೊಂದು ತೆಂಗಿನಕಾಯಿ, ರವಿಕೆ ಕಣ. ನಾನು ಮಾತ್ರ ಅಲ್ಲೇ ನೆಲದ ಮೇಲೆ ಕೂತಿದ್ದೆ.

ಬಜಾಜ್ ನಗರದ ಕಣ್ಣಿನ ಡಾಕ್ಟರ್ ಅಪೂರ್ವ ಬೆಂಗಳೂರಿನವನು. ಕನ್ನಡದವರು ಸಿಕ್ಕರೆ ಹೊರಗೆ ಕಾಯುವ ಪೇಷಂಟುಗಳನ್ನೇ ಮರೆಯುವ ಜೀವ. ಇವರ ಕಣ್ಣು ಪರೀಕ್ಷಿಸಿ ನಿಧಾನವಾಗಿ ತಲೆಯಾಡಿಸಿದ. ಕಣ್ಣು ಬಂದಿರಲಿಲ್ಲ.

"ಇದು ಹುಚ್ಚೂ ಅಲ್ಲ, ದೇವರೂ ಅಲ್ಲ ಅಂಕಲ್. ಕಣ್ಣಿಂದ ಚಿತ್ರ ಬರೋದು ನಿಂತ್ಹೋಗಿದೆ. ಮಿದುಳು ಸುಮ್ನೆ ಕೂರಲ್ಲ, ತಾನೇ ಚಿತ್ರ ಬರ್ಕೊಳ್ಳುತ್ತೆ. ದೃಷ್ಟಿ ಹೋದ ಎಷ್ಟೋ ಜನಕ್ಕೆ ಹೀಗಾಗುತ್ತೆ. ಹುಚ್ಚು ಅಂತಾರೇನೋ ಅಂತ ಹೆದರಿ ಬಾಯಿ ಬಿಡಲ್ಲ, ಅಷ್ಟೇ. ಅವಳು ಬಂದಾಗ ಕಣ್ಣನ್ನ ಎಡಕ್ಕೆ ಬಲಕ್ಕೆ ಜೋರಾಗಿ ಆಡಿಸಿ, ಸಾಮಾನ್ಯವಾಗಿ ಹೊರಟುಹೋಗ್ತಾಳೆ."

ನನಗೆ ತಡೆಯಲಾಗಲಿಲ್ಲ. "ಮಿದುಳ ಬರಿಯೋದಾದರ ನನ್ನ ಯಾಕ ಬರಿಯಂಗಿಲ್ಲ ಡಾಕ್ಟರ್?"

"ಯಾರು ಬರಬೇಕು ಅನ್ನೋದು ಅವರ ಕೈಲಿಲ್ಲ ಆಂಟಿ. ಹೆಚ್ಚಾಗಿ ಗುರುತು ಪರಿಚಯ ಇಲ್ಲದವರೇ ಬರ್ತಾರೆ."

ನೋಡಿ ಮತ್ತೆ! ಕಟ್ಟಿಕೊಂಡವಳಿಗೆ ಜಾಗವಿಲ್ಲ, ದಾರಿಯಲ್ಲಿ ಹೋಗುವವಳಿಗೆ ಖಾಸಾ ಕುರ್ಚಿ. ಅಂಥ ಮಿದುಳಿಗಿಷ್ಟು ಬೆಂಕಿ ಹಾಕ.

ಡಾಕ್ಟರು ಹೇಳಿದ್ದನ್ನು ಮೃದುಲಾ ವಹಿನಿಗೆ ಬಿಡಿಸಿ ಹೇಳಿದೆ. ಡಾಕ್ಟರಿಗೇನು ಗೊತ್ತು ಎಂದು ನನ್ನನ್ನೇ ಕನಿಕರದಿಂದ ನೋಡಿದಳು. ಆಮೇಲೆ ಶುರುವಾಯಿತು ಜಾತ್ರೆ. ಪ್ರತಾಪ ನಗರದಿಂದಲೂ ಹೆಂಗಸರು ಬಂದರು. ಮಗಳಿಗೆ ಗಂಡು ಸಿಗುತ್ತದೆಯೇ ಕೇಳಿ, ಸೊಸೆ ದಾರಿಗೆ ಬರುತ್ತಾಳೆಯೇ ಕೇಳಿ ಎಂದು ಇವರಿಗೆ ದುಂಬಾಲು. ಈ ಮಹರಾಯರೋ ಮೊದಮೊದಲು ಸಂಕೋಚಪಟ್ಟರು, ನಂತರ ರುಚಿ ಹತ್ತಿತು. ಒಮ್ಮೆ ಗಂಭೀರವಾಗಿ "ದೇವಿ ಆಕಳಿಸುತ್ತಿದ್ದಾಳೆ" ಎಂದುಬಿಟ್ಟರು. ಕೇಳಲು ಬಂದಾಕೆ ಅದಕ್ಕೂ ಒಂದು ಅರ್ಥ ಹಚ್ಚಿಕೊಂಡು ಕಣ್ಣೊರೆಸಿಕೊಂಡು ಹೋದಳು. ಈ ಉರಿಬಿಸಿಲಲ್ಲಿ ಎಲ್ಲರಿಗೂ ಚಹಾ ಕಾಸುವವಳು ಯಾರು? ನಾನು!

"ಕಣ್ಣು ಆಡಸ್ರಿ, ಓಡಸ್ರಿ ಅಕೀನ್ನ," ಎಂದು ನಾನು ದಿನಾ ಹೇಳುತ್ತಿದ್ದೆ. "ಆಡಸೇನಿ, ಹೋಗವಲ್ಲಳು," ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅಡುಗೆಮನೆಯಿಂದ ಇಣುಕಿದೆ. ಕುರ್ಚಿಯ ಕಡೆ ಮುಖ ಮಾಡಿ ಕೂತಿದ್ದರು. ಕಣ್ಣು ಅಲುಗದಂತೆ ನೆಟ್ಟಿತ್ತು. ತುಟಿಯ ಮೇಲೆ ಸಣ್ಣ ನಗು. ಮದುವೆಯ ಹೊಸತರಲ್ಲಿ ನನ್ನನ್ನು ನೋಡುತ್ತಿದ್ದ ನಗು ಅದು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

ಅದೇ ಹೊತ್ತಿಗೆ ಮೃದುಲಾ ವಹಿನಿ ಕಾಯಿ ಹಿಡಿದು ಬಾಗಿಲಿಗೆ ಬಂದಳು. ನಾನು ನೆಟ್ಟಗೆ ಹೋಗಿ ಆ ಕುರ್ಚಿಯ ಮೇಲೆ ಕುಕ್ಕರಿಸಿದೆ. ಅವಳು ಚೀರಿದಳು. "ಉಠಾ! ದೇವೀಚ್ಯಾ ಮಾಂಡೀವರ ಬಸಲಾತ!" ದೇವಿಯ ತೊಡೆಯ ಮೇಲೆ ಕೂತುಬಿಟ್ಟೆನಂತೆ. ತೊಡೆ ಮೆತ್ತಗೆ ಚಲೋ ಇದೆ ಎಂದು ಮರಾಠಿಯಲ್ಲೇ ಹೇಳಿದೆ. ಅವಳು ಕಾಯಿಯನ್ನು ಸೆರಗಲ್ಲಿ ಮುಚ್ಚಿಕೊಂಡು ಹೊರಟುಹೋದಳು.

"ಈಗ ಹೇಳ್ರಿ," ಎಂದು ಗಂಡನ ಕಡೆ ತಿರುಗಿದೆ. "ಆಡಸೇನಿ ಅಂತ ಸುಳ್ಳು ಹೇಳ್ತೀರಿ. ಅಕೀನ್ನ ಯಾಕ ಓಡಸವಲ್ಲಿರಿ? ನನ್ನ ಕಡೆ ಇಲ್ಲದ್ದು ಅಕೀ ಕಡೆ ಏನೈತಿ?"

"ಮುಖ," ಎಂದರು.

ನಾನು ಕುರ್ಚಿಯ ಕೈಗೆ ಮೆತ್ತಿದ್ದ ಅರಿಶಿನವನ್ನು ಉಗುರಿನಿಂದ ಕೆರೆದೆ.

"ಬ್ಯಾರೆ ಯಾರದೂ ಕಾಣಂಗಿಲ್ಲ ಕುಮುದಾ. ಯಾರದರ ಒಂದು ಮುಖ ಇರಲಿ ಅಂತ ಬಿಟ್ಟೀನಿ. ಅಕೀ ಯಾರಾದರ ನನಗೇನು?" ಆಮೇಲೆ ದನಿ ತಗ್ಗಿಸಿದರು. "ಇನ್ನೊಂದು ಹೇಳ್ತೀನಿ, ಅಳಬ್ಯಾಡ. ಕಣ್ಣು ಮುಚ್ಚಿ ನಿನ್ನ ನೆನಸ್ಕೊಂಡ್ರ ದನಿ ಬರ್ತೈತಿ. ಒಗ್ಗರಣಿ ವಾಸನಿ ಬರ್ತೈತಿ. ಮುಖ ಬರಂಗಿಲ್ಲ. ಎಷ್ಟು ತಿಣಕಿದ್ರೂ ಬರವಲ್ಲದು."

ಅವರ ಕಣ್ಣು ಹೋದದ್ದನ್ನು ನಾನು ಹೇಗೋ ನುಂಗಿಕೊಂಡಿದ್ದೆ. ಹೊರಗೆ ಕಾಣದಿದ್ದರೇನು, ಒಳಗೆಲ್ಲೋ ನಾನು ಹಾಗೇ ಇದ್ದೇನೆ ಎಂಬ ಧೈರ್ಯವಿತ್ತು. ಅಲ್ಲಿಂದಲೂ ಒರೆಸಿಹೋಗಿದ್ದೆ. ಇಷ್ಟು ವರ್ಷ ಬಾಳ್ವೆ ಮಾಡಿದ ಮನೆಯಲ್ಲಿ ನನ್ನನ್ನು ಬಲ್ಲವರೇ ಇಲ್ಲವಲ್ಲ ಎನಿಸಿ ಎದೆ ಒಡೆದುಹೋಯಿತು. ಸಿನಿಮಾದಲ್ಲಾಗಿದ್ದರೆ ಗಂಡ ಬೆರಳಿನಿಂದ ಹೆಂಡತಿಯ ಮುಖ ಸವರಿ ಗುರುತು ಹಿಡಿಯುತ್ತಿದ್ದ. ನಾನೂ ಎದ್ದು ಹೋಗಿ ಅವರ ಕೈಯನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ.

"ಬೆವತೀದಿ," ಎಂದು ಕೈಯನ್ನು ಪಂಚೆಗೆ ಒರೆಸಿಕೊಂಡರು.

ಥೂ, ಇವರ! ಅಳು ಸಿಟ್ಟಿಗೆ ತಿರುಗಿತು. ನೆನಪೇ ಇಲ್ಲವೆಂದ ಮೇಲೆ ನಾನು ಹೇಗಿದ್ದೇನೆಂದು ಹೇಳುವ ಹಕ್ಕು ನನ್ನದು. ಆ ನತ್ತಿನವಳನ್ನು ನಿವಾಳಿಸಿ ಎಸೆಯಬೇಕು, ಅಷ್ಟು ಚೆಂದವಾಗಿ ಹೇಳುತ್ತೇನೆ ಎಂದುಕೊಂಡೆ. "ಕೇಳ್ರಿ ಹಂಗಾರ. ನನ್ನ ಮೂಗು ಸಂಪಿಗಿ ಎಸಳಿನಂಗ ಐತಿ."

"ಏನ್ ಸುಳ್ಳ ಹೇಳ್ತೀಯವಾ! ನಿನ್ನ ಮೂಗು ತುದೀಗೆ ದಪ್ಪ. ನೆಗಡಿ ಬಂದ್ರ ಟೊಮ್ಯಾಟೊ ಆಗ್ತೈತಿ."

ಅವಮಾನವಾಗುವ ಮೊದಲೇ ಆಶ್ಚರ್ಯವಾಯಿತು. "ನೆನಪಿಲ್ಲ ಅಂದ್ರೆಲ್ಲ?"

"ಇಲ್ಲ. ಆದರ ನೀ ಹೇಳಿದ್ದು ಬರೋಬರ್ ಅಲ್ಲ ಅನಿಸ್ತು." ಅವರಿಗೂ ಆಶ್ಚರ್ಯವಾಗಿತ್ತು. "ಮತ್ತ ಹೇಳು."

"ಹುಬ್ಬು ಕಾಮನಬಿಲ್ಲು."

"ಎಡಗಡೇದು ಅರ್ಧಕ್ಕ ಕಡದೈತಿ. ಸಣ್ಣಾಕಿದ್ದಾಗ ಹಿತ್ತಲ ಕಟ್ಟೀಗೆ ಬಡಕೊಂಡಿದ್ದಿ."

"ಗಲ್ಲದ ಮ್ಯಾಲೆ ಎಡಕ್ಕ ಒಂದು ದೃಷ್ಟಿಬೊಟ್ಟಿನಂಥಾ ಮಚ್ಚಿ." ಈ ಸಲ ಬೇಕೆಂದೇ ಪಕ್ಕ ತಪ್ಪಿಸಿ ಹೇಳಿದೆ.

"ಬಲಕ್ಕ. ಅದರ ಮ್ಯಾಲೊಂದು ಕೂದಲ ಐತಿ. ಯಾವಾಗ್ಲೂ ಕಿತ್ತತಿರ್ತಿ, ಯಾವಾಗ್ಲೂ ಬರ್ತಿರ್ತೈತಿ."

ಅಯ್ಯೋ ಶಿವನೇ, ಇಷ್ಟು ವರ್ಷ ಅದನ್ನು ನೋಡಿಯೂ ಸುಮ್ಮನಿದ್ದರಲ್ಲ! ಬೇರೆ ದಿನವಾಗಿದ್ದರೆ ಆ ಮಾತಿಗೆ ಒಂದು ವಾರ ಮಾತು ಬಿಡುತ್ತಿದ್ದೆ. ಈಗ ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು. "ಹಲ್ಲು," ಎಂದೆ ಹೇಗೋ. "ನನ್ನ ಹಲ್ಲು ಮಾತ್ರ ದಾಳಿಂಬರಿ ಕಾಳು. ಒತ್ತೊತ್ತಾಗಿ ಅದಾವು."

ಅವರು ತಿದ್ದಲು ಬಾಯಿ ತೆರೆದರು. ಕಣ್ಣು ಮುಚ್ಚಿದರು. ಹಣೆಯ ಗಂಟು ಮೆಲ್ಲಗೆ ಬಿಚ್ಚಿಕೊಂಡಿತು.

"ಬಂತು," ಎಂದರು.

"ಏನ್ ಬಂತರೀ?"

"ಹಲ್ಲು. ಮುಂದಿನ ಎರಡರ ನಡುವ ಸಂದಿ ಐತಿ. ನೀ ನಗಾಕತ್ತಿ."

"ಬರೇ ಹಲ್ಲೇನ್ರಿ?"

"ಸದ್ಯಕ್ಕ ಹಲ್ಲು."

ನಾನು ಸೆರಗಿನಿಂದ ಮೂಗೊರೆಸಿಕೊಂಡು, ನನ್ನ ಗದ್ದದ ಬಗ್ಗೆ ಸುಳ್ಳು ಹೇಳಲು ಶುರುಮಾಡಿದೆ.